ನೇಪಾಳಕ್ಕೆ ವೀಸಾ ಬೇಡ, ಸರಿ. ಆಧಾರ್ ಒಂದೇ ಸಾಕಾ?

ನಿಮ್ಮ ಪ್ರಶ್ನೆ ಓದಿದೆ. ದಸರಾ ರಜೆಗೆ ಕಠ್ಮಂಡು, ಪೋಖರಾ, ಸಾಧ್ಯವಾದರೆ ಮುಕ್ತಿನಾಥ. ಹೊರಟಿರುವವರು ನೀವು, ನಿಮ್ಮ ಮನೆಯವರು, 71 ವರ್ಷದ ತಂದೆ, 16ರ ಮಗಳು. ಅಮೆರಿಕದಲ್ಲಿರುವ ನಿಮ್ಮ ತಮ್ಮ ದೆಹಲಿಯಲ್ಲಿ ಬಂದು ಸೇರಿಕೊಳ್ಳುತ್ತಾರೆ, ಅವರ ಹತ್ತಿರ ಓಸಿಐ ಕಾರ್ಡ್ ಇದೆ, ಅಂದರೆ ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್. ಭಾರತದ ಪಾಸ್‌ಪೋರ್ಟ್ ಇರುವುದು ನಿಮಗೊಬ್ಬರಿಗೇ. "ವೀಸಾ ಬೇಡವಂತೆ, ಎಲ್ಲರ ಆಧಾರ್ ಇದೆ, ಸಾಕಲ್ವಾ?" ಅಂತ ಕೇಳಿದ್ದೀರಿ.

ಸಾಲದು. ತಂದೆಯವರಿಗೆ ಸಾಕು. ಮನೆಯವರಿಗೆ ವೋಟರ್ ಕಾರ್ಡ್ ಬೇಕು. ಮಗಳದು ಬೇರೆಯೇ ದಾರಿ. ತಮ್ಮನಿಗಂತೂ ವೀಸಾನೇ ಬೇಕು. ಒಂದೇ ಮನೆಯವರು, ಒಬ್ಬೊಬ್ಬರದು ಒಂದೊಂದು ಕಾಗದ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ನಮ್ಮ ಚಿಕ್ಕಪ್ಪ. 2024ರ ದಸರಾದಲ್ಲಿ ನಾವು ಆರು ಜನ ಹೊರಟಿದ್ದೆವು. ಬೆಂಗಳೂರಿನಿಂದ ದೆಹಲಿಗೆ ಒಂದು ಟಿಕೆಟ್, ದೆಹಲಿಯಿಂದ ಕಠ್ಮಂಡುವಿಗೆ ಬೇರೆ ಟಿಕೆಟ್. ಹಾಗೆ ಮಾಡಿದರೆ ಸ್ವಲ್ಪ ದುಡ್ಡು ಉಳಿಯುತ್ತಿತ್ತು. ಬೆಂಗಳೂರಿನಲ್ಲಿ ಚಿಕ್ಕಪ್ಪ ಆಧಾರ್ ತೋರಿಸಿದರು, ಒಳಗೆ ಬಿಟ್ಟರು. ಅದು ದೇಶದೊಳಗಿನ ವಿಮಾನ, ಬಿಡಲೇಬೇಕು. ನಮಗೂ ಧೈರ್ಯ ಬಂತು. ದೆಹಲಿಯಲ್ಲಿ ಕಠ್ಮಂಡು ವಿಮಾನದ ಕೌಂಟರಿಗೆ ಹೋದಾಗ ಅಲ್ಲಿದ್ದ ಹುಡುಗಿ ಆಧಾರ್ ಕಾರ್ಡನ್ನು ತಿರುಗಿಸಿಯೂ ನೋಡಲಿಲ್ಲ. ಹುಟ್ಟಿದ ತಾರೀಖಿನ ಮೇಲೆ ಬೆರಳಿಟ್ಟು "ಅರವತ್ತಮೂರು" ಅಂದಳು. ಕಾರ್ಡು ವಾಪಸ್ ಬಂತು.

ವಿಷಯ ಇಷ್ಟೇ. ನೇಪಾಳ ಮತ್ತು ಭೂತಾನಕ್ಕೆ ಆಧಾರ್ ನಡೆಯುವುದು 15 ವರ್ಷದ ಒಳಗಿನವರಿಗೆ, 65 ದಾಟಿದವರಿಗೆ. 2019ರಲ್ಲಿ ನಮ್ಮ ಗೃಹ ಇಲಾಖೆಯೇ ಹೀಗೆ ಹೇಳಿದ್ದು. ನಡುವಿನ ವಯಸ್ಸಿನವರಿಗೆ ಪಾಸ್‌ಪೋರ್ಟ್ ಬೇಕು, ಇಲ್ಲವೇ ಚುನಾವಣಾ ಆಯೋಗ ಕೊಟ್ಟ ವೋಟರ್ ಕಾರ್ಡ್ ಬೇಕು. ಚಿಕ್ಕಪ್ಪನ ತಲೆ ಪೂರ್ತಿ ಬೆಳ್ಳಗಾಗಿದೆ. "ನನ್ನ ಕೂದಲು ನೋಡಿ ಬಿಡ್ತಾರೆ" ಅಂತ ಮನೆಯಲ್ಲೇ ತಮಾಷೆ ಮಾಡಿದ್ದರು. ಕೂದಲನ್ನು ಯಾರೂ ನೋಡಲಿಲ್ಲ.

ಅವರ ವೋಟರ್ ಕಾರ್ಡ್ ತಿಪಟೂರಿನ ಮನೆಯ ಬೀರುವಿನಲ್ಲಿತ್ತು, ಎಲ್‌ಐಸಿ ಬಾಂಡುಗಳ ಜೊತೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಚಿಕ್ಕಪ್ಪ ಆ ರಾತ್ರಿ ದೆಹಲಿಯಲ್ಲೇ ಉಳಿದರು. ಅವರ ಮಗ ಅದನ್ನು ಹಿಡಿದುಕೊಂಡು ಮಾರನೇ ದಿನ ಬೆಳಗಿನ ವಿಮಾನಕ್ಕೆ ಬಂದ. ಟಿಕೆಟ್ ದುಡ್ಡು ಎರಡು ಸಲ ಹೋಯಿತು. ಕಾರ್ಡಾದರೂ ಎಂಥದ್ದು, ಹಳೇ ಕಪ್ಪು ಬಿಳುಪಿನದು, ಲ್ಯಾಮಿನೇಷನ್ ಮೂಲೆಯಲ್ಲಿ ಎದ್ದಿತ್ತು. ಫೋಟೋದಲ್ಲಿ ದಪ್ಪ ಮೀಸೆಯ ಯುವಕ. ಕೌಂಟರಿನವರು ಮೀಸೆ ನೋಡಿದರು, ಚಿಕ್ಕಪ್ಪನ ಮುಖ ನೋಡಿದರು, ಮತ್ತೆ ಮೀಸೆ ನೋಡಿದರು. ಕೊನೆಗೆ ಬಿಟ್ಟರು. ನಿಮ್ಮಲ್ಲಿ ಯಾರದಾದರೂ ಕಾರ್ಡ್ ಹೀಗೆ ಮಾಸಿದ್ದರೆ ಈಗಲೇ ಚುನಾವಣಾ ಆಯೋಗದ ಫಾರಂ 8 ಹಾಕಿ ಹೊಸದು ತರಿಸಿಕೊಳ್ಳಿ. ಆನ್‌ಲೈನಿನಲ್ಲೇ ಹಾಕಬಹುದು, ಕಾರ್ಡು ಅಂಚೆಯಲ್ಲಿ ಬರುತ್ತದೆ. ಆದರೆ ಟೈಮ್ ಹಿಡಿಯುತ್ತದೆ.

ಆಧಾರ್ ಯಾಕೆ ಬೇಡ ಅಂತ ನನಗೂ ಮೊದಲು ಸಿಟ್ಟು ಬಂದಿತ್ತು. ಬ್ಯಾಂಕಿಗೆ, ಸಿಮ್ಮಿಗೆ, ರೇಷನ್ನಿಗೆ ಎಲ್ಲಕ್ಕೂ ಅದೇ ಬೇಕು, ಇಲ್ಲಿ ಮಾತ್ರ ಬೇಡವಾ? ಆಮೇಲೆ ಅರ್ಥವಾಯಿತು. ಆಧಾರ್ ಹೇಳುವುದು ನೀವು ಇಲ್ಲಿ ವಾಸ ಮಾಡುತ್ತೀರಿ ಅಂತ, ನೀವು ಭಾರತದ ಪ್ರಜೆ ಅಂತ ಅಲ್ಲ. 182 ದಿನ ಇಲ್ಲಿದ್ದ ವಿದೇಶಿಗೂ ಅದು ಸಿಗುತ್ತದೆ. ನೇಪಾಳದ ಬಾಗಿಲು ತೆರೆದಿರುವುದು ಭಾರತದ ಪ್ರಜೆಗಳಿಗೆ. 1950ರ ಶಾಂತಿ ಮತ್ತು ಸ್ನೇಹ ಒಪ್ಪಂದ ಕೊಟ್ಟ ಹಕ್ಕು ಅದು, ಅವರು ಇಲ್ಲಿಗೆ ಬರಬಹುದು, ನಾವು ಅಲ್ಲಿಗೆ ಹೋಗಬಹುದು. ವೋಟು ಹಾಕುವುದು ಪ್ರಜೆಗಳು ಮಾತ್ರ, ಅದಕ್ಕೆ ವೋಟರ್ ಕಾರ್ಡಿಗೆ ಬೆಲೆ.

ಇನ್ನೊಂದು ಮಾತು. ನಿಮ್ಮನ್ನು ಮೊದಲು ತಡೆಯುವವರು ನೇಪಾಳದವರಲ್ಲ, ವಿಮಾನ ಕಂಪನಿಯ ಕೌಂಟರಿನವರು. ಸರಿಯಾದ ಕಾಗದ ಇಲ್ಲದವರನ್ನು ಕರೆದುಕೊಂಡು ಹೋದರೆ ವಾಪಸ್ ತರುವ ತಲೆನೋವು ಅವರದು. ಹಾಗಾಗಿ ಅವರು ನಿಯಮವನ್ನು ಬಿಗಿಯಾಗಿಯೇ ಓದುತ್ತಾರೆ. ಅಲ್ಲಿ ವಾದ ಮಾಡಿ ಗೆದ್ದವರನ್ನು ನಾನು ನೋಡಿಲ್ಲ.

ಈಗ ನಿಮ್ಮ ಮನೆಯವರ ವಿಷಯ. ವೋಟರ್ ಕಾರ್ಡ್ ಇನ್ನೂ ತವರಿನ ವಿಳಾಸದಲ್ಲಿದೆ ಅಂದಿದ್ದೀರಿ. ವಿಳಾಸದ ಚಿಂತೆ ಬಿಡಿ, ಹೆಸರು ನೋಡಿ. ನಮ್ಮ ಕಡೆಯ ದೊಡ್ಡ ಕಷ್ಟವೇ ಇನಿಷಿಯಲ್. ಆಧಾರಿನಲ್ಲಿ ಬರೀ ಶೋಭಾ, ವೋಟರ್ ಕಾರ್ಡಿನಲ್ಲಿ ಶೋಭಾ ಎಚ್. ಎಂ., ಟಿಕೆಟ್ ಮಾಡುವಾಗ ಸರ್‌ನೇಮ್ ಕಾಲಂ ಖಾಲಿ ಬಿಡಲು ಆಗುವುದಿಲ್ಲ ಅಂತ ಗಂಡನ ಹೆಸರು ತುಂಬಿಸುತ್ತೇವೆ. ಕೌಂಟರಿನಲ್ಲಿ ನಿಂತಾಗ ಮೂರು ಕಾಗದಕ್ಕೆ ಮೂರು ಹೆಂಗಸರು! ಟಿಕೆಟ್ ಬುಕ್ ಮಾಡುವಾಗ ಯಾವ ಕಾರ್ಡ್ ತೋರಿಸುತ್ತೀರೋ ಅದನ್ನೇ ಎದುರಿಗೆ ಇಟ್ಟುಕೊಂಡು, ಅದರಲ್ಲಿರುವ ಇಂಗ್ಲಿಷ್ ಅಕ್ಷರಗಳನ್ನೇ ನೋಡಿ ತುಂಬಿ. ಮೂಲ ಕಾರ್ಡನ್ನೇ ಒಯ್ಯಿರಿ. ಮೊಬೈಲಿನ ಫೋಟೋ, ಜೆರಾಕ್ಸು ನಂಬಿಕೊಳ್ಳಬೇಡಿ.

ಇಲ್ಲಿ ಒಂದು ರಿಯಾಯಿತಿಯೂ ಇದೆ, ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಗಂಡ, ಹೆಂಡತಿ, ಸಣ್ಣ ಮಕ್ಕಳು, ತಂದೆ ತಾಯಿ ಒಟ್ಟಿಗೆ ಹೋಗುವಾಗ ದೊಡ್ಡವರಲ್ಲಿ ಒಬ್ಬರ ಹತ್ತಿರ ಪಾಸ್‌ಪೋರ್ಟ್ ಅಥವಾ ವೋಟರ್ ಕಾರ್ಡ್ ಇದ್ದರೆ ಉಳಿದವರು ರೇಷನ್ ಕಾರ್ಡು, ಡ್ರೈವಿಂಗ್ ಲೈಸೆನ್ಸು, ಶಾಲೆಯ ಐಡಿ ಇಂಥದ್ದರಲ್ಲಿ ಹೋಗಬಹುದು. ಫೋಟೋ ಇರಬೇಕು, ಸಂಬಂಧ ಗೊತ್ತಾಗಬೇಕು. ನಿಯಮ ನಿಜ. ನಾವೂ ದೆಹಲಿಯಲ್ಲಿ ಅದನ್ನೇ ಮೊಬೈಲಿನಲ್ಲಿ ತೆಗೆದು ತೋರಿಸಿದ್ದೆವು. ಆ ಪಟ್ಟಿಯಲ್ಲಿ ಚಿಕ್ಕಪ್ಪ ಇಲ್ಲ ಅಂತ ಆಗಲೇ ನಮಗೆ ಗೊತ್ತಾಗಿದ್ದು. ನಿಮ್ಮ ಮನೆಗೆ ಅದು ಹೊಂದುತ್ತದೆ, ಆದರೂ ನನ್ನನ್ನು ಕೇಳಿದರೆ ಅದನ್ನು ಕೊನೆಯ ಆಸರೆ ಅಂತ ಮಾತ್ರ ಇಟ್ಟುಕೊಳ್ಳಿ. ಬೆಳಗಿನ ಜಾವ ಮೂರು ಗಂಟೆಗೆ ಕೌಂಟರಿನಲ್ಲಿ ಕೂತವರಿಗೆ ನಿಮ್ಮ ಸಂಬಂಧ ಬಿಡಿಸಿ ಹೇಳುತ್ತಾ ನಿಲ್ಲುವುದು ಯಾರಿಗೆ ಬೇಕು?

ಮಗಳು 16. ಆಧಾರಿಗೆ ಒಂದು ವರ್ಷ ಹೆಚ್ಚು, ವೋಟಿಗೆ ಎರಡು ವರ್ಷ ಕಡಿಮೆ. 15ರಿಂದ 18ರ ಮಕ್ಕಳಿಗೆ ಶಾಲೆಯ ಪ್ರಿನ್ಸಿಪಾಲರು ಗುರುತಿನ ಪತ್ರ ಕೊಟ್ಟರೆ ನಡೆಯುತ್ತದೆ. ಸುಮ್ನೆ ಲೆಟರ್‌ಹೆಡ್ಡಿನಲ್ಲಿ "ಈಕೆ ನಮ್ಮ ವಿದ್ಯಾರ್ಥಿನಿ" ಅಂತ ಬರೆಸಿದರೆ ಆಗುವುದಿಲ್ಲ. ಅದಕ್ಕೆ ನಿಗದಿಯಾದ ನಮೂನೆ ಇದೆ, ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಯ ವೆಬ್‌ಸೈಟಿನಲ್ಲಿ ನೋಡಿ. ನಮ್ಮ ಅಕ್ಕನ ಮಗಳಿಗೂ ಇದೇ ವಯಸ್ಸು. ಹೊರಡುವ ನಾಲ್ಕು ದಿನ ಮೊದಲು ಶಾಲೆಗೆ ಹೋದರೆ ದಸರಾ ರಜೆ ಶುರುವಾಗಿ ಗೇಟಿಗೆ ಬೀಗ. ಪ್ರಿನ್ಸಿಪಾಲ್ ಮೇಡಂ ಊರಿಗೆ ಹೋಗಿದ್ದರು. ಅಕ್ಕ ಬಸ್ಸು ಹತ್ತಿ ಅವರ ಊರಿಗೇ ಹೋಗಿ, ಅವರ ಮನೆಯ ಜಗಲಿಯಲ್ಲಿ ಕೂತು ಸಹಿ ಹಾಕಿಸಿದಳು. ಸಹಿಯೇನೋ ಆಯಿತು, ಸೀಲು ಮಾತ್ರ ಶಾಲೆಯ ಡ್ರಾದಲ್ಲಿ. ಆ ಡ್ರಾದ ಕೀಲಿ ಇದ್ದ ಕ್ಲರ್ಕ್ ಅನ್ನು ಹುಡುಕಿದ್ದು ಇನ್ನೊಂದು ಕಥೆ.

ನಿಮಗೆ ಎರಡು ತಿಂಗಳು ಟೈಮ್ ಇದೆ. ಮಗಳಿಗೆ ಪಾಸ್‌ಪೋರ್ಟನ್ನೇ ಮಾಡಿಸಿಬಿಡಿ. ಮುಂದೆ ಓದಿಗೂ ಬೇಕಾಗುತ್ತದೆ. ಹದಿನೆಂಟರ ಒಳಗಿನವರಿಗೆ ಸಾಮಾನ್ಯವಾಗಿ ಐದು ವರ್ಷದ್ದು ಕೊಡುತ್ತಾರೆ, ಅದು ನೆನಪಿರಲಿ. ಮನೆಯಲ್ಲಿ ಹಳೇ ಮಕ್ಕಳ ಪಾಸ್‌ಪೋರ್ಟ್ ಇದೆ ಅಂತ ಧೈರ್ಯವಾಗಿ ಕೂತವರು ಎಷ್ಟೋ ಜನ ತಾರೀಖು ಮುಗಿದಿದ್ದನ್ನು ನೋಡಿರುವುದಿಲ್ಲ.

ನಿಮ್ಮ ತಮ್ಮನಂಥವರ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ಓಸಿಐ ಕಾರ್ಡಿನಲ್ಲಿ ಭಾರತದ ಹೆಸರಿದೆ, ಅಶೋಕ ಸ್ತಂಭವಿದೆ, ಆದರೆ ಅದು ಪೌರತ್ವ ಅಲ್ಲ. ನೇಪಾಳದ ಲೆಕ್ಕಕ್ಕೆ ಅವರು ಅಮೆರಿಕದವರು. ಕಠ್ಮಂಡು ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ವೀಸಾ ಸಿಗುತ್ತದೆ, 15 ದಿನಕ್ಕೆ 30 ಡಾಲರ್, 30 ದಿನಕ್ಕೆ 50. ಪಾಸ್‌ಪೋರ್ಟ್ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಲಿ. ಓಸಿಐ ಕಾರ್ಡನ್ನು "ನೇಪಾಳಕ್ಕೆ ಬೇಡವಲ್ಲ" ಅಂತ ಮನೆಯಲ್ಲಿ ಬಿಟ್ಟು ಬರುವುದು ಬೇಡ. ವಾಪಸ್ ಭಾರತಕ್ಕೆ ಬರುವಾಗ ಅದೇ ಬೇಕು. ಒಂದು ಪಕ್ಷ ಅವರು ದೆಹಲಿಗೆ ಬಾರದೆ ದುಬೈ, ದೋಹಾ ಕಡೆಯಿಂದ ನೇರ ಬಂದರೂ ಅವರಿಗೆ ಇದೇ ವ್ಯವಸ್ಥೆ. ಆದರೆ ಭಾರತದ ಪ್ರಜೆ ಯಾರಾದರೂ ಹಾಗೆ ಮೂರನೇ ದೇಶದಿಂದ ನೇಪಾಳಕ್ಕೆ ಹೋಗುವುದಾದರೆ ವೋಟರ್ ಕಾರ್ಡ್ ಸಾಲದು, ಪಾಸ್‌ಪೋರ್ಟೇ ಬೇಕು.

ಕಠ್ಮಂಡುವಿನಲ್ಲಿ ಇಳಿದಾಗ ವೀಸಾ ಕೌಂಟರಿನ ಉದ್ದನೆಯ ಸಾಲು ನಮಗಲ್ಲ. ತಮ್ಮನನ್ನು ಅಲ್ಲಿ ನಿಲ್ಲಿಸಿ ನೀವು ಮುಂದೆ ಹೋಗಬಹುದು. ಪಾಪ, ಅವರೊಬ್ಬರೇ ಹಿಂದೆ ಉಳಿಯುತ್ತಾರೆ.

ಗೋರಖ್‌ಪುರಕ್ಕೆ ರೈಲಿನಲ್ಲಿ ಹೋಗಿ ಸೋನೌಲಿ ಗಡಿ ದಾಟಿದರೆ ಆಧಾರ್ ಸಾಕಂತೆ ಅಂತಲೂ ಕೇಳಿದ್ದೀರಿ. ಅಲ್ಲಿ ಜನ ತರಕಾರಿ ಚೀಲ ಹಿಡಿದು ನಡೆದೇ ಆಚೆ ಈಚೆ ಹೋಗುತ್ತಾರೆ, ಎಷ್ಟೋ ಸಲ ಯಾರೂ ಏನೂ ಕೇಳುವುದಿಲ್ಲ. ಆದರೆ ಕೇಳುವ ಹಕ್ಕು ಎರಡೂ ಕಡೆಯವರಿಗೆ ಇದೆ. ನಮ್ಮ ಕಡೆ ಸಶಸ್ತ್ರ ಸೀಮಾ ಬಲದವರು ಇರುತ್ತಾರೆ. ಕೇಳದ ದಿನ ಹೋಗಿ ಬಂದವರ ಮಾತು ನಂಬಿ ಹೊರಟರೆ ಕೇಳುವ ದಿನ ಸಿಕ್ಕಿಬೀಳುತ್ತೀರಿ. ಅಲ್ಲೂ ಅದೇ ವೋಟರ್ ಕಾರ್ಡ್ ಇರಲಿ. ಕಾರು ತೆಗೆದುಕೊಂಡು ಹೋಗುವುದಾದರೆ ಗಡಿಯಲ್ಲಿ ಭನ್ಸಾರ್ ಮಾಡಿಸಬೇಕು. ಅಂದರೆ ಕಸ್ಟಮ್ಸ್ ಪರವಾನಗಿ, ದಿನದ ಲೆಕ್ಕದಲ್ಲಿ ಶುಲ್ಕ. ಆರ್‌ಸಿ ಮೂಲಪ್ರತಿ ಬೇಕು.

ಅಲ್ಲಿ ಹೋದ ಮೇಲೆ ಕಾರ್ಡ್ ಕಳೆದುಕೊಂಡರೆ ಕಠ್ಮಂಡುವಿನ ಲೈಂಚೌರಿನಲ್ಲಿ ನಮ್ಮ ರಾಯಭಾರ ಕಚೇರಿ ಇದೆ. ವಾಪಸ್ ಬರುವುದಕ್ಕೆ ಮಾತ್ರ ಒಂದು ತುರ್ತು ಪತ್ರ ಕೊಡುತ್ತಾರೆ. ಪೊಲೀಸ್ ದೂರು, ಫೋಟೋ ಬೇಕಾಗುತ್ತದೆ. ಪ್ರತಿಯೊಬ್ಬರ ಕಾರ್ಡಿನ ಜೆರಾಕ್ಸ್ ಇನ್ನೊಬ್ಬರ ಬ್ಯಾಗಿನಲ್ಲಿ ಇಟ್ಟಿರಿ.

ಮುಕ್ತಿನಾಥಕ್ಕೆ ಹೋಗಲು ಇನ್ನೊಂದು ಕಾಗದ ಉಂಟು. ಅದು ಅನ್ನಪೂರ್ಣ ಸಂರಕ್ಷಿತ ಪ್ರದೇಶದೊಳಗೆ ಬರುತ್ತದೆ. ಭಾರತವೂ ಸೇರಿದಂತೆ ಸಾರ್ಕ್ ಕೂಟದ ದಕ್ಷಿಣ ಏಷ್ಯಾ ದೇಶದವರಿಗೆ ಪರವಾನಗಿ ಶುಲ್ಕ 1000 ನೇಪಾಳಿ ರೂಪಾಯಿ, ಬೇರೆಯವರಿಗೆ 3000. ನಿಮ್ಮ ತಮ್ಮ ಇಲ್ಲೂ ಬೇರೆಯವರೇ. ಪಾಸ್‌ಪೋರ್ಟ್ ಸೈಜಿನ ನಾಲ್ಕು ಫೋಟೋ ಎಲ್ಲರ ಹತ್ತಿರ ಇರಲಿ. ಗಂಡಕಿಯ ಸಾಲಿಗ್ರಾಮಕ್ಕಾಗಿ ನಮ್ಮ ಕಡೆಯ ಹಿರಿಯರು ಅಲ್ಲಿಗೆ ಹೋಗುವುದು ಜಾಸ್ತಿ. ಆದರೆ ಎತ್ತರ 3700 ಮೀಟರಿನ ಮೇಲೆ. ನಿಮ್ಮ ತಂದೆಗೆ ಆಧಾರ್ ಸಾಕಾಗುತ್ತದೆ ನಿಜ, ಡಾಕ್ಟರ ಮಾತು ಮಾತ್ರ ಮೊದಲು ಕೇಳಿಕೊಳ್ಳಿ.

ಪಶುಪತಿನಾಥದಲ್ಲಿ ಗರ್ಭಗುಡಿಯ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದವರೇ, ಅದು ತಲೆತಲಾಂತರದ ಪದ್ಧತಿ. ಚಿಕ್ಕಪ್ಪನಿಗೆ ಇದು ಗೊತ್ತಿತ್ತು. ಒಂದು ದಿನ ತಡವಾಗಿ ಬಂದರೂ ಬಾಗಿಲ ಬಳಿ ನಿಂತು ಕನ್ನಡದಲ್ಲಿ "ನಮಸ್ಕಾರ ಭಟ್ಟರೇ" ಅಂದರು. ಒಳಗಿನಿಂದ ಒಂದು ನಗು ಬಂತು, ಪ್ರಸಾದ ಬಂತು. ದೆಹಲಿಯ ಸಿಟ್ಟು ಅಲ್ಲೇ ಇಳಿಯಿತು.

ದುಡ್ಡಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ 100 ರೂಪಾಯಿಗೆ ಅಲ್ಲಿ 160. 2018ರ ಕೊನೆಯಲ್ಲಿ ನೇಪಾಳ ನಮ್ಮ 200, 500, 2000ದ ನೋಟುಗಳನ್ನು ನಿಲ್ಲಿಸಿತ್ತು. ಆಮೇಲೂ ಈ ನಿಯಮ ಅಲುಗಾಡುತ್ತಲೇ ಇದೆ. ಹಾಗಾಗಿ ನೂರರ ಕಂತೆ ಒಯ್ದರೆ ತಕರಾರೇ ಇಲ್ಲ. 2024ರ ಮಾರ್ಚ್‌ನಿಂದ ನಮ್ಮ ಯುಪಿಐ ಅಲ್ಲಿಯ ಕ್ಯೂಆರ್‌ಗಳಲ್ಲಿ ನಡೆಯುತ್ತದೆ. ಅಂಗಡಿಯಲ್ಲಿ 'ಫೋನ್‌ಪೇ' ಅಂತ ಬೋರ್ಡ್ ನೋಡಿ ನಮ್ಮದೇ ಆ್ಯಪ್ ಅಂದುಕೊಳ್ಳಬೇಡಿ, ಅದು ಅವರ ಬೇರೆ ಕಂಪನಿ, ಉಚ್ಚಾರ ಮಾತ್ರ ಒಂದೇ. ಮತ್ತೆ, ಅವರ ಗಡಿಯಾರ ನಮಗಿಂತ ಕಾಲು ಗಂಟೆ ಮುಂದೆ. ರೋಮಿಂಗ್ ಇಲ್ಲದ ಫೋನು ತಾನಾಗಿ ಬದಲಾಗದೇ ಇರಬಹುದು. ಪೋಖರಾದಿಂದ ಮುಕ್ತಿನಾಥದ ದಾರಿಯ ಜೋಮ್‌ಸೋಮಿಗೆ ಹೋಗುವ ಸಣ್ಣ ವಿಮಾನಗಳು ಗಾಳಿ ಏಳುವ ಮೊದಲು, ಬೆಳಗ್ಗೆ ಬೆಳಗ್ಗೆಯೇ ಹೊರಡುತ್ತವೆ. ಅಲ್ಲಿ ಕಾಲು ಗಂಟೆ ಅಂದರೆ ದೊಡ್ಡದು.

ಮನೆಯವರ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಹೆಸರು ಹೇಗಿದೆ ಅಂತ ಇವತ್ತೇ ನೋಡಿ. ಟಿಕೆಟ್ ಆಮೇಲೆ ಮಾಡಿದರಾಯಿತು.