ಮುಪ್ಪು ಹಿಂದಕ್ಕೆ ಹೋಗುವ ಇಂಜೆಕ್ಷನ್ ಬಂದಿದೆಯೇ?

ಪ್ರಶ್ನೆ: ನನಗೀಗ 67. ಅಡಿಕೆ ಬೆಳೆಗಾರ, ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದೆ. ಜೀವಕೋಶಗಳನ್ನೇ ಎಳೆಯದಾಗಿಸುವ ಇಂಜೆಕ್ಷನ್ ಬಂದಿದೆ ಎಂದು ಶಿವಮೊಗ್ಗದಲ್ಲಿ ಒಬ್ಬರು ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ?
(ಓದುಗರು, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ದಯವಿಟ್ಟು ಕೊಡಬೇಡಿ. ಸಂಶೋಧನೆ ನಿಜ, ಆದರೆ ಅದು ಮಾರಾಟಕ್ಕೆ ಬರುವ ಹಂತ ಇನ್ನೂ ದೂರವಿದೆ.

2006ರಲ್ಲಿ ಜಪಾನಿನ ಕ್ಯೋಟೋದ ವಿಜ್ಞಾನಿ ಶಿನ್ಯಾ ಯಮನಾಕ ಇಲಿಯ ಕೋಶಕ್ಕೆ ಆಕ್ಟ್4, ಸಾಕ್ಸ್2, ಕೆಎಲ್‌ಎಫ್4, ಸಿ-ಮಿಕ್ ಎಂಬ ನಾಲ್ಕು ಜೀನ್ ಸೇರಿಸಿ ಅದನ್ನು ಭ್ರೂಣದ ಕೋಶದಂತೆ ಮಾಡಿದರು. ತೊಡಕು ಇರುವುದೂ ಅಲ್ಲೇ. ಪೂರ್ತಿ ಹಿಂದಕ್ಕೆ ಹೋದ ಕೋಶ ತಾನು ಚರ್ಮದ್ದೋ ಲಿವರ್‌ನದ್ದೋ ಎಂಬುದನ್ನೇ ಮರೆಯುತ್ತದೆ. ಬದುಕಿರುವ ಇಲಿಯಲ್ಲಿ ಈ ಜೀನ್‌ಗಳನ್ನು ಬಿಡುವಿಲ್ಲದೆ ಚಾಲೂ ಇಟ್ಟಾಗ ಟೆರಾಟೋಮಾ ಎಂಬ, ಹಲವು ಬಗೆಯ ಅಂಗಾಂಶ ಬೆರೆತ ಗೆಡ್ಡೆಗಳು ಬೆಳೆದವು. ಲಿವರ್, ಕರುಳು ಕೆಟ್ಟು ಇಲಿಗಳು ಸತ್ತದ್ದೂ ಇದೆ.

ಹಾಗಾಗಿ ಎಲ್ಲವೂ ನಿಂತಿರುವುದು ಎಷ್ಟು ಹೊತ್ತು ಚಾಲೂ ಇಡಬೇಕು ಎಂಬುದರ ಮೇಲೆ. 2016ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯವರು ಅಕಾಲ ಮುಪ್ಪಿನ ಇಲಿಗಳಲ್ಲಿ ವಾರಕ್ಕೆ 2 ದಿನ ಚಾಲೂ, 5 ದಿನ ಬಿಡುವು ಎಂಬ ಕ್ರಮ ಹಿಡಿದರು. ಆಯಸ್ಸು ಹೆಚ್ಚಿತು, ಗೆಡ್ಡೆ ಬರಲಿಲ್ಲ. ಜೀನ್ ಚಾಲೂ ಮಾಡುವ ಸ್ವಿಚ್ಚಾಗಿ ಬಳಸಿದ್ದು ನಮ್ಮಲ್ಲಿ ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್. ಹಾಗೆಂದು ಆ ಮಾತ್ರೆ ನುಂಗಿದರೆ ಯೌವನ ಬಾರದು: ಅದಕ್ಕೆ ಓಗೊಡುವ ಜೀನ್ ಜೋಡಣೆಯನ್ನು ಆ ಇಲಿಗಳಿಗೆ ಮೊದಲೇ ಸೇರಿಸಲಾಗಿತ್ತು.

ನಿಮಗೆ ಹತ್ತಿರದ ಪ್ರಯೋಗ 2020ರದ್ದು. ಹಾರ್ವರ್ಡ್‌ನವರು ಕ್ಯಾನ್ಸರ್ ನಂಟಿನ ಸಿ-ಮಿಕ್ ಬಿಟ್ಟು, ಉಳಿದ ಮೂರನ್ನು ನಿರುಪದ್ರವಿ ವೈರಸ್ ಮೂಲಕ ಇಲಿಯ ಕಣ್ಣಿಗೆ ಕಳಿಸಿದರು. ಗ್ಲಾಕೋಮಾ ಮಾದರಿಯ ಇಲಿಗಳಲ್ಲಿ ಕಳೆದುಹೋದ ದೃಷ್ಟಿ ಸ್ವಲ್ಪ ಮರಳಿತು. ಆಸೆ ಹುಟ್ಟಿಸುವ ಫಲಿತಾಂಶವೇ ಸರಿ. ಆದರೆ ಒಮ್ಮೆ ಸತ್ತ ಕಣ್ಣಿನ ನರವನ್ನು ಈಗಿನ ಚಿಕಿತ್ಸೆ ಮರಳಿ ತರದು. ಕಣ್ಣಿನೊಳಗಿನ ಒತ್ತಡ ಇಳಿಸುವ ಡ್ರಾಪ್ಸ್ ಒಂದು ದಿನವೂ ತಪ್ಪಿಸಬೇಡಿ.

ಮುಂಗಡ ಕೇಳಿದವರ ಬಳಿ ಸಿಟಿಆರ್‌ಐ (ಭಾರತದ ಔಷಧ ಪ್ರಯೋಗಗಳ ನೋಂದಣಿ ಜಾಲತಾಣ) ನೋಂದಣಿ ಸಂಖ್ಯೆ ಕೇಳಿ. ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳೆಲ್ಲ ಆ ಜಾಲತಾಣದಲ್ಲಿ ನೋಂದಾಯಿತವಾಗಿರಬೇಕು. ಪ್ರಯೋಗಾತ್ಮಕ ಚಿಕಿತ್ಸೆಗೆ ರೋಗಿಯಿಂದ ಹಣ ವಸೂಲು ಮಾಡುವಂತಿಲ್ಲ.

ಪ್ರಶ್ನೆ: ಕೋಶ ‘30 ವರ್ಷ ಎಳೆಯದಾಯಿತು’ ಎಂದು ಅಳೆಯುವುದು ಹೇಗೆ?
(ವಿದ್ಯಾರ್ಥಿನಿ, ಸಾಗರ)

ಉತ್ತರ: ವಯಸ್ಸಾದಂತೆ ಡಿಎನ್‌ಎಯ ಕೆಲವು ತಾಣಗಳಲ್ಲಿ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳು ಏರಿಳಿಯುತ್ತವೆ. 2013ರಲ್ಲಿ ವಿಜ್ಞಾನಿ ಸ್ಟೀವ್ ಹಾರ್ವತ್ ಇಂಥ 353 ತಾಣಗಳಿಂದ ವಯಸ್ಸು ಲೆಕ್ಕ ಹಾಕುವ ವಿಧಾನ ಕೊಟ್ಟರು. ನೀವು ಹೇಳುವ 30 ವರ್ಷ, 2022ರಲ್ಲಿ ಬ್ರಿಟನ್ನಿನ ಬಾಬ್ರಹಾಮ್ ಸಂಸ್ಥೆಯವರು ಮನುಷ್ಯರ ಚರ್ಮದ ಕೋಶಗಳಲ್ಲಿ 13 ದಿನ ಯಮನಾಕರ ಜೀನ್‌ಗಳನ್ನು ಚಾಲೂ ಇಟ್ಟು ನಿಲ್ಲಿಸಿದಾಗ ಬಂದ ಅಂಕಿ. ಅಂಕಿಗಿಂತ ಕೆಲಸ ನೋಡುವುದು ಲೇಸು: ಆ ಕೋಶಗಳು ಚರ್ಮಕ್ಕೆ ಬಲ ಕೊಡುವ ಕೊಲಾಜನ್ ಎಂಬ ಪ್ರೋಟೀನ್ ಹೆಚ್ಚು ತಯಾರಿಸಿದವು, ಪ್ರಯೋಗಾಲಯದ ತಟ್ಟೆಯಲ್ಲಿ ಕೋಶಗಳ ಪದರದ ಮೇಲೆ ಗೀರಿದ ಗಾಯದತ್ತ ಬೇಗ ಸರಿದವು.