ಊರಿನ ಹೆಸರು ಕನ್ನಡದಲ್ಲಿ ಬರೆದರೆ ಅಡಿಕೆ ರೇಟು 149!

ಪ್ರಶ್ನೆ: ಬದಿಯಡ್ಕದಲ್ಲಿ ಅಣ್ಣನಿಗೆ ಅಡಿಕೆ ಖರೀದಿ ಅಂಗಡಿ ಇದೆ. ಅವನ ಲೆಕ್ಕಕ್ಕೆಂದು ಸಿ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಒಂದು ಸ್ಟ್ರಕ್ಟ್‌ನಲ್ಲಿ (ಹಲವು ಮಾಹಿತಿಯನ್ನು ಒಟ್ಟಿಗೆ ಇಡುವ ಕಟ್ಟು) ಊರಿನ ಹೆಸರಿಗೆ 20 ಬೈಟ್, ಅದರ ಬೆನ್ನಿಗೇ ರೇಟು. ಹೆಸರನ್ನು ಸ್ಟ್ರ್‌ಕಾಪಿಯಿಂದ ತುಂಬಿಸುತ್ತೇನೆ. ಡೆಬಿಯನ್ 12 ಲಿನಕ್ಸಿನಲ್ಲಿ ಜಿಸಿಸಿ ಕಂಪೈಲರಿಗೆ ಯಾವ ಆಯ್ಕೆಯನ್ನೂ ಕೊಡದೆ ಕಂಪೈಲ್ ಮಾಡಿದೆ. ತಯಾರಾದ ಫೈಲಿನಲ್ಲಿ ಯಾವ ಯಾವ ರಕ್ಷಣೆ ಇದೆ ಎಂದು ಹೇಳುವ ಹಾರ್ಡನಿಂಗ್-ಚೆಕ್ ಓಡಿಸಿದರೆ ಪೈ (ಪ್ರೋಗ್ರಾಂ ಮೆಮೊರಿಯಲ್ಲಿ ಎಲ್ಲಿ ಬೇಕಾದರೂ ಕೂರುವಂತೆ ಮಾಡುವುದು), ರೆಲ್ರೋ (ಲಿಂಕಿಂಗ್ ಕೋಷ್ಟಕಗಳನ್ನು ತಿದ್ದಲಾಗದಂತೆ ಬೀಗ ಹಾಕುವುದು) ಎರಡಕ್ಕೆ ‘ಯಸ್’. ಸ್ಟ್ಯಾಕ್ ಪ್ರೊಟೆಕ್ಟರ್ (ಸ್ಟ್ಯಾಕ್ ಮೆಮೊರಿಯ ಕಾವಲು), ಫೋರ್ಟಿಫೈ (ನಕಲಿಸುವಾಗ ಜಾಗ ಸಾಲುತ್ತದೆಯೇ ಎಂಬ ತಪಾಸಣೆ), ಇಮಿಡಿಯೆಟ್ ಬೈಂಡಿಂಗ್ (ಲೈಬ್ರರಿಯ ಫಂಕ್ಷನ್ನುಗಳನ್ನು ಶುರುವಿನಲ್ಲೇ ಜೋಡಿಸುವುದು) ಮೂರಕ್ಕೂ ‘ನೋ’. ಪ್ರೋಗ್ರಾಂ ಸರಿಯಾಗೇ ಓಡುತ್ತಿದೆ. ತಲೆ ಕೆಡಿಸಿಕೊಳ್ಳಬೇಕಾ?

ಉತ್ತರ: ಸ್ವಲ್ಪ ಕೆಡಿಸಿಕೊಳ್ಳಿ. ನೀವು ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಿ ನೋಡಿದ್ದೀರಿ ಅಲ್ವಾ? ಕನ್ನಡದಲ್ಲಿ ‘ಬದಿಯಡ್ಕ’ ಎಂದು ಟೈಪ್ ಮಾಡಿ. ಕಣ್ಣಿಗೆ ನಾಲ್ಕೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಗುಡಿಸು, ಅರ್ಧಾಕ್ಷರದ ಗುರುತು ಎಲ್ಲ ಸೇರಿ ಏಳು. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್. ಅಲ್ಲಿಗೆ 21, ಕೊನೆಯ ಸೊನ್ನೆ ಸೇರಿ 22. ನೀವು ಕೊಟ್ಟ ಜಾಗ 20. ಹೆಸರನ್ನು ನಕಲಿಸುವ ಸ್ಟ್ರ್‌ಕಾಪಿ ಜಾಗ ಎಷ್ಟಿದೆ ಎಂದು ನೋಡುವುದೇ ಇಲ್ಲ.

ಹೆಚ್ಚಾದ ಎರಡು ಬೈಟ್ ನೇರ ರೇಟಿನ ಮೇಲೆ ಹೋಗಿ ಕೂರುತ್ತವೆ. ‘ಕ’ದ ಕೊನೆಯ ಬೈಟ್ 149, ಅದರ ಪಕ್ಕ ಸೊನ್ನೆ. ಮೊದಲು ರೇಟು 450 ಹಾಕಿ ಆಮೇಲೆ ಹೆಸರು ತುಂಬಿಸಿದರೆ, ಮಾಮೂಲಿ ಪಿಸಿಯಲ್ಲಿ ರೇಟು 149 ಆಗಿರುತ್ತದೆ. ಪ್ರೋಗ್ರಾಂ ನಿಲ್ಲುವುದಿಲ್ಲ, ಬೈಯುವುದೂ ಇಲ್ಲ. ಹೊಸ ಚಾಲಿ (ಒಣ ಅಡಿಕೆ) ತಂದವರಿಗೆ ಅಣ್ಣ ಏನು ಹೇಳಬೇಕು?

ಇಲ್ಲಿ ಸ್ಟ್ಯಾಕ್ ಪ್ರೊಟೆಕ್ಟರ್ ಒಂದೇ ಇದ್ದರೂ ಪ್ರಯೋಜನ ಇಲ್ಲ. ಅದು ಕಾವಲಿಗೆ ಇಡುವ ಸಂಖ್ಯೆ ಸ್ಟ್ರಕ್ಟ್‌ನ ಆಚೆ ಇರುತ್ತದೆ. ಸ್ಟ್ರಕ್ಟ್‌ನ ಒಳಗೇ ನಡೆದ ಒತ್ತುವರಿ ಅದಕ್ಕೆ ಕಾಣಿಸುವುದಿಲ್ಲ. ಹಿಡಿಯುವುದು ಫೋರ್ಟಿಫೈ, ಅದೂ 2ನೇ ಮಟ್ಟದ್ದು. ಇದಕ್ಕೆ -ಓ1 ಅಥವಾ ಅದಕ್ಕಿಂತ ಜಾಸ್ತಿ ಆಪ್ಟಿಮೈಸೇಶನ್ (ಕೋಡನ್ನು ಚುರುಕಾಗಿಸುವ ಆಯ್ಕೆ) ಬೇಕೇ ಬೇಕು. -ಓ2 ಕೊಡದೆ ಫೋರ್ಟಿಫೈ ಹಾಕಿ ‘ಯಾಕೋ ಕೆಲಸ ಮಾಡ್ತಿಲ್ಲ’ ಎಂದು ಕೂತವರಲ್ಲಿ ನಾನೂ ಒಬ್ಬ.

ಹಳೇ ಕೋಡನ್ನು ಮುಟ್ಟದೆ -ಓ2, -ಡಿ_ಫೋರ್ಟಿಫೈ_ಸೋರ್ಸ್=2, -ಎಫ್‌ಸ್ಟ್ಯಾಕ್-ಪ್ರೊಟೆಕ್ಟರ್-ಸ್ಟ್ರಾಂಗ್ ಹಾಕಿ ಮತ್ತೆ ಕಂಪೈಲ್ ಮಾಡಿ. ಇಮಿಡಿಯೆಟ್ ಬೈಂಡಿಂಗ್‌ಗೆ ಲಿಂಕರ್‌ಗೆ ‘-ಝಡ್ ನೌ’ ಕೊಟ್ಟರೆ ಸಾಕು. ಈಗ ‘ಬದಿಯಡ್ಕ’ ಹಾಕಿದರೆ ‘ಬಫರ್ ಓವರ್‌ಫ್ಲೋ ಡಿಟೆಕ್ಟೆಡ್’ ಎಂದು ಪ್ರೋಗ್ರಾಂ ಅಲ್ಲೇ ನಿಲ್ಲಬೇಕು. ಅದನ್ನು ಕಣ್ಣಾರೆ ನೋಡಿದ ಮೇಲೆಯೇ ಕೋಡ್ ತಿದ್ದಿ. ಜಾಗವನ್ನು 128 ಬೈಟ್ ಮಾಡಿ, ಅದಕ್ಕೂ ಉದ್ದದ ಹೆಸರು ಬಂದರೆ ‘ಆಗಲ್ಲ’ ಎಂದು ವಾಪಸ್ ಕಳಿಸಿ. ಎಸ್ಎನ್‌ಪ್ರಿಂಟ್ಎಫ್‌ನಿಂದ (ಉದ್ದಕ್ಕೆ ಮಿತಿ ಹಾಕಿ ಬರೆಯುವ ಫಂಕ್ಷನ್) ಸುಮ್ನೆ ಕತ್ತರಿಸಬೇಡಿ. ಕನ್ನಡ ಅಕ್ಷರ ನಡುವಿನಲ್ಲೇ ತುಂಡಾಗಿ ಬಿಲ್ಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ.

ಇನ್ನು ಆ ವರದಿಯನ್ನು ಓದುವ ಬಗೆ. ಹಾರ್ಡನಿಂಗ್-ಚೆಕ್ ನಿಮ್ಮ ಕೋಡನ್ನು ಓದುವುದಿಲ್ಲ, ತಯಾರಾದ ಫೈಲಿನಲ್ಲಿ ಗುರುತು ಹುಡುಕುತ್ತದೆ, ಅಷ್ಟೇ. ಸ್ಟ್ಯಾಕ್ ಪ್ರೊಟೆಕ್ಟರ್‌ನ ಗುರುತು ಒಂದೇ ಒಂದು ಫಂಕ್ಷನ್‌ನಿಂದ ಬಂದಿದ್ದರೂ ‘ಯಸ್’ ಎನ್ನುತ್ತದೆ. ಕಾಯಬೇಕಾದ ಅರೇ (ಒಂದೇ ಬಗೆಯ ಮಾಹಿತಿಯನ್ನು ಸಾಲಾಗಿ ಇಡುವ ಜಾಗ) ಯಾವ ಫಂಕ್ಷನ್‌ನಲ್ಲೂ ಇಲ್ಲದಿದ್ದರೆ, ಆಯ್ಕೆ ಕೊಟ್ಟರೂ ‘ನೋ’ ಎಂದೇ ಬರಬಹುದು. ಅದು ತಪ್ಪಲ್ಲ. ಅಂದ ಹಾಗೆ, 149 ಎಂಬುದು ‘ಬದಿಯಡ್ಕ’ದ ಲೆಕ್ಕ, ಎಲ್ಲ ಹೆಸರಿಗೂ ಅದೇ ಬರುವುದಿಲ್ಲ. ಅಣ್ಣನ ಗಿರಾಕಿಗಳಲ್ಲಿ ಮಂಜೇಶ್ವರದವರೂ ಇದ್ದರೆ ಆ ಹೆಸರಿನ ಬೈಟ್ ಎಣಿಸಿ ನೋಡಿ, ಅದು ಇನ್ನೂ ಉದ್ದ.