ಆನ್‌ಲೈನ್‌ನಲ್ಲಿ ಜೊತೆಗೂಡಿ ಆಡುವ ವಿಜ್ಞಾನದ ಆಟಗಳಿಂದ ನಿಜಕ್ಕೂ ಏನಾದರೂ ಕಲಿಯಬಹುದೇ?

ಇಂತಹ ಆಟಗಳಿಂದ ವಿಜ್ಞಾನ ತಲೆಗೆ ಹತ್ತುತ್ತದೆಯೇ, ತರಬೇತಿಯಲ್ಲಿ ಬಳಸಬಹುದೇ ಅಥವಾ ಇದು ಬರೀ ಕಾಲಹರಣವೇ ಎಂದು ಕೇಳಿದ್ದೀರಿ. ಜೀವಶಾಸ್ತ್ರ ಕಲಿಸುವ ಕೆಲಸದಲ್ಲಿರುವ ನನ್ನ ಉತ್ತರ: ಖಂಡಿತ ಕಲಿಯಬಹುದು. ಆದರೆ ಕಲಿಕೆ ನಡೆಯುವುದು ಅಂಕ ಗಳಿಸುವಾಗ ಅಲ್ಲ, ಒಬ್ಬ ಆಟಗಾರ ಇನ್ನೊಬ್ಬರಿಗೆ ‘ಇದು ಹೀಗೇಕೆ ಆಯಿತು’ ಎಂದು ವಿವರಿಸಲು ಕುಳಿತಾಗ.

ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2008ರಲ್ಲಿ ಬಿಡುಗಡೆ ಮಾಡಿದ ಫೋಲ್ಡಿಟ್ ಆಟದಲ್ಲಿ ಪ್ರೋಟೀನ್ ಸರಪಳಿಯನ್ನು ಮಡಚಬೇಕು. ನೀರನ್ನು ದೂರವಿಡುವ ಭಾಗಗಳು ಕಿತ್ತಳೆ ಬಣ್ಣ, ನೀರಿಗೆ ಒಗ್ಗುವವು ನೀಲಿ. ಕಿತ್ತಳೆಯನ್ನು ಒಳಗೆ ಅಡಗಿಸಬೇಕು. ಪರಮಾಣುಗಳು ಅತಿ ಹತ್ತಿರ ಬಂದರೆ ಕೆಂಪು ಮುಳ್ಳಿನ ಉಂಡೆ ಕಾಣಿಸುತ್ತದೆ. ಪಾಠದಲ್ಲಿ ಹತ್ತು ಸಲ ಹೇಳಿದರೂ ಮನಸ್ಸಿನಲ್ಲಿ ನಿಲ್ಲದ ಸಂಗತಿ ಇಲ್ಲಿ ಕೈಬೆರಳಿಗೆ ಅಂಟಿಕೊಳ್ಳುತ್ತದೆ. ಮಂಗಗಳಲ್ಲಿ ಏಡ್ಸ್‌ನಂತಹ ರೋಗ ತರುವ ವೈರಸ್ಸಿನ ಒಂದು ಕಿಣ್ವದ ರಚನೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನಿಗಳಿಗೆ ಬಗೆಹರಿದಿರಲಿಲ್ಲ. ಆಟಗಾರರು ಅದರ ಮಾದರಿಯನ್ನು ಕೆಲವೇ ವಾರಗಳಲ್ಲಿ ಕೊಟ್ಟರು, 2011ರಲ್ಲಿ ಅದು ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಯಿತು. ನನಗೆ ಮುಖ್ಯವೆನಿಸುವುದು ಅದು ಹೇಗಾಯಿತು ಎಂಬುದು: ಒಂದೇ ತಂಡದವರು ಒಬ್ಬರು ಬಿಟ್ಟ ಕಡೆಯಿಂದ ಇನ್ನೊಬ್ಬರು ಹಿಡಿದು, ಮಾದರಿಯನ್ನು ಹಂತಹಂತವಾಗಿ ತಿದ್ದಿದ್ದರು.

ಆದರೂ ನನ್ನ ಒಲವು ಎಟರ್ನಾ ಎಂಬ ಇನ್ನೊಂದು ಆಟದ ಕಡೆಗೆ. ಅಲ್ಲಿ ಕೊಟ್ಟ ಆಕಾರಕ್ಕೆ ಮಡಚಿಕೊಳ್ಳುವಂತೆ ಆರ್‌ಎನ್‌ಎ ಅಣುವನ್ನು ವಿನ್ಯಾಸ ಮಾಡಬೇಕು. ಆರ್‌ಎನ್‌ಎ ಎಂದರೆ ಎ, ಯು, ಜಿ, ಸಿ ಎಂಬ ನಾಲ್ಕು ಬಗೆಯ ಘಟಕಗಳ ಸರಪಳಿ; ಈ ಘಟಕಗಳು ಪರಸ್ಪರ ಜೋಡಿಯಾದಾಗ ಅದು ಮಡಚಿಕೊಳ್ಳುತ್ತದೆ. ಜಿ–ಸಿ ಜೋಡಿ ಎಲ್ಲಕ್ಕಿಂತ ಗಟ್ಟಿ ಎಂದು ತಿಳಿದ ಹೊಸಬರು ಎಲ್ಲೆಡೆ ಅದನ್ನೇ ತುಂಬಿಬಿಡುತ್ತಾರೆ. ಕಂಪ್ಯೂಟರ್ ಲೆಕ್ಕಾಚಾರ ಅದನ್ನು ಒಪ್ಪಲೂಬಹುದು. ಆದರೆ ಆಯ್ದ ವಿನ್ಯಾಸಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನಿಜವಾಗಿಯೇ ತಯಾರಿಸಿ, ಅವು ಹೇಗೆ ಮಡಚಿಕೊಂಡವು ಎಂದು ಅಳೆದಾಗ ಬೇರೆಯೇ ಕಥೆ ಹೊರಬೀಳುತ್ತದೆ. ಎಲ್ಲೆಲ್ಲೂ ಜಿ ಮತ್ತು ಸಿ ಇದ್ದರೆ ಯಾವ ಜಿ ಯಾವ ಸಿಯನ್ನು ಬೇಕಾದರೂ ಹಿಡಿದುಕೊಳ್ಳಬಹುದಲ್ಲ! ಅಣು ತಪ್ಪು ಆಕಾರಕ್ಕೆ ಮಡಚಿಕೊಳ್ಳುತ್ತದೆ. ಆಟಗಾರರು ಇಂತಹ ಫಲಿತಾಂಶಗಳನ್ನು ಮುಂದಿಟ್ಟುಕೊಂಡು ಚರ್ಚಿಸಿ, ತಮ್ಮದೇ ನಿಯಮಗಳನ್ನು ಬರೆದರು. ಆ ನಿಯಮಗಳಿಂದ ಕಟ್ಟಿದ ಕಂಪ್ಯೂಟರ್ ವಿಧಾನ ಅಂದಿನ ವಿನ್ಯಾಸ ತಂತ್ರಾಂಶಗಳಿಗಿಂತ ಚೆನ್ನಾಗಿ ಕೆಲಸ ಮಾಡಿತೆಂದು 2014ರಲ್ಲಿ ವರದಿಯಾಯಿತು. ಊಹೆ, ಪ್ರಯೋಗ, ಊಹೆ ಮುರಿದು ಬೀಳುವುದು, ಮತ್ತೆ ಊಹೆ: ಈ ಸುತ್ತನ್ನು ಯಾವ ಪದವಿಯೂ ಇಲ್ಲದ ಜನರೂ ಪೂರ್ತಿಯಾಗಿ ಅನುಭವಿಸಿದರು. ಅನೌಪಚಾರಿಕ ಕಲಿಕೆ ಎಂದರೆ ನನ್ನ ಲೆಕ್ಕದಲ್ಲಿ ಇದು.

ಎಲ್ಲ ಆಟಗಳೂ ಇಷ್ಟು ಕಲಿಸುವುದಿಲ್ಲ. ಇಲಿಯ ಅಕ್ಷಿಪಟಲದ ನರಕೋಶಗಳ ಜಾಡು ಹಿಡಿದು ಬಣ್ಣ ತುಂಬುವ ಐವೈರ್ ಸೊಗಸಾದ ಆಟ. ಅದರಿಂದ ಸಂಶೋಧನೆಗೆ ದೊಡ್ಡ ಉಪಕಾರವಾಗಿದೆ. ಆದರೆ ಅಲ್ಲಿ ಪಳಗುವುದು ಹೆಚ್ಚಾಗಿ ಕಣ್ಣು. ಆ ಕೋಶ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ನೀವೇ ಎತ್ತಬೇಕಾಗುತ್ತದೆ.

ತರಬೇತಿಗೆ ಬಳಸುವುದಾದರೆ ಮೂರು ನಾಲ್ಕು ಜನರ ಗುಂಪು ಮಾಡಿ. ಪ್ರತಿ ದೊಡ್ಡ ಬದಲಾವಣೆಗೆ ಮೊದಲು ‘ಏನಾಗಬಹುದು, ಏಕೆ’ ಎಂದು ಒಂದು ಸಾಲು ಬರೆಸಿ. ಆಮೇಲೆ ಅದನ್ನು ಗುಂಪಿನಲ್ಲಿ ಓದಿಸಿ. ಅಂಕಪಟ್ಟಿಯನ್ನು ಮೌಲ್ಯಮಾಪನಕ್ಕೆ ದಯವಿಟ್ಟು ಬಳಸಬೇಡಿ, ಏಕೆಂದರೆ ಗುಂಡಿ ಒತ್ತುತ್ತಾ ಹೋದರೂ ಅಂಕ ಏರುತ್ತದೆ. ಮಾತು ಕಡಿಮೆ ಆಡುವವರ ಕೈಗೆ ಮೌಸ್ ಕೊಟ್ಟು, ಚುರುಕಿನವರು ಬಾಯಲ್ಲಿ ಮಾತ್ರ ಹೇಳಬೇಕೆಂದು ನಿಯಮ ಹಾಕಿ ನೋಡಿ. ಆಗ ‘ಅದನ್ನು ಅಲ್ಲಿಗೆ ಎಳೆ’ ಎಂದರೆ ಸಾಲುವುದಿಲ್ಲ, ಯಾವುದನ್ನು, ಯಾವ ಕಾರಣಕ್ಕೆ ಎಂದು ಹೇಳಲೇಬೇಕು.

ಫೋಲ್ಡಿಟ್ ಅನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು, ಎಟರ್ನಾ ಬ್ರೌಸರ್‌ನಲ್ಲಿಯೇ ತೆರೆಯುತ್ತದೆ. ಎರಡೂ ಉಚಿತ. ಎರಡರಲ್ಲೂ ಆರಂಭದ ಕಲಿಕೆಯ ಒಗಟುಗಳಿವೆ. ಗುಂಪಿಗೆ ಕೊಡುವ ಮೊದಲು ಅವನ್ನು ನೀವೇ ಕುಳಿತು ಬಿಡಿಸಿ.